ಸ್ಪೇ ಆದ ಮೊಲಕ್ಕೆ ಮೆಲಾಕ್ಸಿಕಾಮ್ ಮತ್ತು ಕ್ರಿಟಿಕಲ್ ಕೇರ್: ನಮ್ಮನೆಯಲ್ಲಿ ಬಳಸಿದ ಅನುಭವ

ಹೆಣ್ಣು ಮೊಲಕ್ಕೆ ಸ್ಪೇ, ಅಂದರೆ ಮರಿ ಆಗದಂತೆ ಅಂಡಾಶಯ, ಗರ್ಭಕೋಶ ತೆಗೆಯುವ ಆಪರೇಷನ್, ಮಾಡಿಸುವ ಯೋಚನೆ ಇದೆಯಾ? ಹಾಗಾದರೆ ಆಪರೇಷನ್‌ಗೆ ಎಷ್ಟಾಗುತ್ತೆ ಅಂತ ಕೇಳುವ ಮೊದಲು, ಮನೆಗೆ ಕಳಿಸುವಾಗ ನೋವಿಗೆ ಏನು ಕೊಡ್ತೀರಿ ಅಂತ ಕೇಳಿ. "ಏನೂ ಬೇಕಾಗಲ್ಲ, ಎರಡು ದಿನದಲ್ಲಿ ಸರಿ ಹೋಗುತ್ತೆ" ಅಂದರೆ ಸುಮ್ಮನೆ ಅಲ್ಲಿಂದ ಎದ್ದು ಬನ್ನಿ. ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ನಮಗೆ ಇದೇ ಉತ್ತರ ಸಿಕ್ಕಿತು. ಸಾಲದ್ದಕ್ಕೆ ಹಿಂದಿನ ರಾತ್ರಿಯಿಂದ ಮೊಲಕ್ಕೆ ಏನೂ ತಿನ್ನಿಸಬೇಡಿ ಅಂದರು. ಅದು ನಾಯಿ, ಬೆಕ್ಕಿನ ಲೆಕ್ಕ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಅದನ್ನು ರಾತ್ರಿಯಿಡೀ ಉಪವಾಸ ಇಡುವ ಕಾರಣವೇ ಇಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಧಾನವಾಗಿ ತೊಂದರೆ ಜಾಸ್ತಿ ಆಗುತ್ತದೆ. ಮೊಲ, ಪಕ್ಷಿಗಳನ್ನು ದಿನವೂ ನೋಡುವ ಬೇರೊಬ್ಬ ಡಾಕ್ಟರ್ ಹತ್ತಿರ ಹೋದೆವು. ಅವರು ಮನೆಯಿಂದಲೇ ಹುಲ್ಲು, ಸೊಪ್ಪು ತನ್ನಿ, ಎಚ್ಚರ ಆದ ತಕ್ಷಣ ಮುಂದಿಡೋಣ ಅಂದರು.

ಇಷ್ಟೆಲ್ಲ ಯಾಕೆ ಬೇಕು, ಆಪರೇಷನ್ನೇ ಬಿಟ್ಟರೆ ಆಗಲ್ವಾ ಅಂತ ಕೇಳುವವರಿಗೆ ಒಂದೇ ಮಾತು. ಸ್ಪೇ ಆಗದ ಹೆಣ್ಣು ಮೊಲಗಳಲ್ಲಿ, ಅದರಲ್ಲೂ ನಾಲ್ಕು ವರ್ಷ ದಾಟಿದವುಗಳಲ್ಲಿ, ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ. ಅದನ್ನು ತಿಳಿದ ಮೇಲೆ ಸುಮ್ಮನೆ ಕೂರಲು ನನಗಂತೂ ಆಗಲಿಲ್ಲ.

ಈಗ ಔಷಧಿಯ ವಿಷಯ. ನಮ್ಮ ಚಿನ್ನಿಗೆ ಕ್ಲಿನಿಕ್‌ನಲ್ಲೇ ಬುಪ್ರಿನಾರ್ಫಿನ್ ಇಂಜೆಕ್ಷನ್ ಕೊಟ್ಟಿದ್ದರು. ಅದು ಮೊದಲ ಕೆಲವು ಗಂಟೆಗಳ ಜೋರು ನೋವಿಗೆ. ಮನೆಗೆ ಬರೆದುಕೊಟ್ಟಿದ್ದು ಮೆಲಾಕ್ಸಿಕಾಮ್, ಬಾಯಿಗೆ ಹಾಕುವ ದ್ರವ. ನೋವು ಮತ್ತು ಊತ ಎರಡನ್ನೂ ಇಳಿಸುವ ಔಷಧಿ ಇದು. ಇದರ ಮೇಲೆ ನನಗೆ ನಿಜಕ್ಕೂ ಗೌರವ ಬಂದಿದೆ. ಆಪರೇಷನ್ ಆದ ಸಂಜೆ ಮೂಲೆಯಲ್ಲಿ ಮುದುಡಿ ಕೂತು ಕೊತ್ತಂಬರಿ ಸೊಪ್ಪಿಗೂ ಮೂಗು ತಿರುಗಿಸುತ್ತಿದ್ದವಳು, ಮರುದಿನ ಬೆಳಿಗ್ಗೆಯ ಡೋಸ್ ಆಗಿ ಸ್ವಲ್ಪ ಹೊತ್ತಿಗೆ ತಾನಾಗಿ ಎದ್ದು ಹುಲ್ಲಿನ ಬುಟ್ಟಿಗೆ ಬಾಯಿ ಹಾಕಿದಳು. ನೋವು ಇಳಿದರೆ ಮೊಲ ತಿನ್ನುತ್ತದೆ, ತಿಂದರೆ ಕರುಳು ಓಡುತ್ತದೆ, ಕರುಳು ಓಡಿದರೆ ಬದುಕುತ್ತದೆ. ನೋವಿದ್ದರೆ ಇದೇ ಸರಪಳಿ ಉಲ್ಟಾ ತಿರುಗುತ್ತದೆ. ಅದಕ್ಕೆ ಡಾಕ್ಟರ್‌ಗಳು ಜಿಐ ಸ್ಟೇಸಿಸ್ ಅನ್ನುತ್ತಾರೆ, ಅಂದರೆ ಕರುಳು ನಿಂತುಹೋಗುವುದು. ಹೊಲಿಗೆ ಚೆನ್ನಾಗಿ ಬಿದ್ದಿದ್ದರೂ ಇದರಿಂದಲೇ ಮೊಲ ಸಾಯಬಹುದು.

ಕೊಳ್ಳುವಾಗ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಮೆಲಾಕ್ಸಿಕಾಮ್ ದ್ರವ ಬೇರೆ ಬೇರೆ ಗಾಢತೆಯಲ್ಲಿ ಬರುತ್ತದೆ. ನಾಯಿಗಳಿಗೆ ಅಂತ ಮಾಡಿದ್ದರಲ್ಲಿ ಒಂದು ಎಂಎಲ್‌ಗೆ 1.5 ಮಿಲಿಗ್ರಾಂ, ಬೆಕ್ಕಿಗೆ ಅಂತ ಮಾಡಿದ್ದರಲ್ಲಿ 0.5 ಮಿಲಿಗ್ರಾಂ. ಮೂರು ಪಟ್ಟು ವ್ಯತ್ಯಾಸ! ಹಾಗಾಗಿ ಇಷ್ಟು ಎಂಎಲ್ ಅಂತ ಚೀಟಿಯಲ್ಲಿ ಬರೆದಿದ್ದರೆ ಅದು ಯಾವ ಬಾಟಲಿಯ ಲೆಕ್ಕ ಅಂತ ಕೇಳಿ ಬರೆಸಿಕೊಳ್ಳಿ. ಮೊಲಕ್ಕೆ ತೂಕದ ಲೆಕ್ಕದಲ್ಲಿ ನಾಯಿಗಿಂತ ಜಾಸ್ತಿ ಡೋಸ್ ಬೇಕಾಗುತ್ತದೆ, ಆದ್ದರಿಂದ ನಾಯಿಯ ಲೇಬಲ್ ನೋಡಿ ನೀವೇ ಅಂದಾಜು ಮಾಡಬೇಡಿ, ಅದು ಡಾಕ್ಟರ್ ಮಾಡುವ ಲೆಕ್ಕ. ಕೊಡುವ ಮೊದಲು ಬಾಟಲಿ ಚೆನ್ನಾಗಿ ಅಲುಗಾಡಿಸಿ, ಔಷಧಿ ತಳಕ್ಕೆ ಕೂತಿರುತ್ತದೆ. ನೀರು ಕುಡಿಯದೆ ಸೊರಗಿದ ಮೊಲಕ್ಕೆ ಈ ಔಷಧಿಯಿಂದ ಕಿಡ್ನಿಗೆ ಹೊರೆ ಬೀಳಬಹುದು. ಅದಕ್ಕೇ ನಾವು ಪಂಜರದ ನೀರಿನ ಬಾಟಲಿಯ ನಳಿಕೆ ಬಿಟ್ಟು ಅಗಲವಾದ ಬಟ್ಟಲಲ್ಲಿ ನೀರಿಟ್ಟೆವು, ಸೊಪ್ಪನ್ನೂ ತೊಳೆದು ಒದ್ದೆಯಾಗಿಯೇ ಕೊಟ್ಟೆವು. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಮುರಿದು ಕೊಡುವುದು ಬೇಡವೇ ಬೇಡ. ಜೊತೆಗೆ ಆಂಟಿಬಯೋಟಿಕ್ ಬರೆದರೆ ಹೆಸರು ಓದಿ ನೋಡಿ. ಅಮಾಕ್ಸಿಸಿಲಿನ್ ಥರದ ಪೆನ್ಸಿಲಿನ್ ಜಾತಿಯವನ್ನು ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಹಾಳಾಗಿ ಜೀವಕ್ಕೇ ಅಪಾಯ.

ನೋವಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ? ಮೊಲ ಸಾಮಾನ್ಯವಾಗಿ ಕೂಗುವುದಿಲ್ಲ, ಬೇಟೆಗೆ ಸಿಗುವ ಪ್ರಾಣಿ ಅಲ್ವಾ, ನೋವನ್ನು ಬಚ್ಚಿಡುತ್ತದೆ. 2012ರಲ್ಲಿ ಮೊಲದ ಮುಖ ನೋಡಿ ನೋವು ಅಳೆಯುವ ಒಂದು ವಿಧಾನ ಪ್ರಕಟವಾಯಿತು, ಅದನ್ನು ಡಾಕ್ಟರ್ ನಮಗೆ ತೋರಿಸಿಕೊಟ್ಟರು. ಕಣ್ಣು ಅರ್ಧ ಮುಚ್ಚಿದೆಯಾ, ಕೆನ್ನೆ ಚಪ್ಪಟೆಯಾಗಿದೆಯಾ, ಮೂಗಿನ ಆಕಾರ ಚೂಪಾಗಿದೆಯಾ, ಮೀಸೆ ಬಿಗಿಯಾಗಿ ನಿಂತಿದೆಯಾ, ಕಿವಿ ಸುರುಳಿಯಾಗಿ ಹಿಂದಕ್ಕೆ ಒತ್ತಿಕೊಂಡಿದೆಯಾ, ಈ ಐದನ್ನು ನೋಡಬೇಕು. ನೀವು ಹತ್ತಿರ ಹೋದರೆ ಅದು ಸರಿಯಾಗಿ ಕೂತುಬಿಡುತ್ತದೆ, ಆದ್ದರಿಂದ ಬಾಗಿಲ ಹಿಂದೆ ನಿಂತು ನೋಡಿ. ಹಲ್ಲು ಮೆಲ್ಲಗೆ ಕಡಿದರೆ ಸಾಮಾನ್ಯವಾಗಿ ನೆಮ್ಮದಿ, ಕಟಕಟ ಅಂತ ಜೋರಾಗಿ ಕೇಳಿದರೆ ನೋವು.

ಇನ್ನು ಆಕ್ಸ್‌ಬೋ ಕಂಪನಿಯ ಕ್ರಿಟಿಕಲ್ ಕೇರ್. ತಾನಾಗಿ ತಿನ್ನದ ಮೊಲ, ಗಿನಿ ಪಿಗ್‌ಗಳಿಗೆ ಸಿರಿಂಜಿನಲ್ಲಿ ಕೊಡುವ ಪುಡಿ ಆಹಾರ ಇದು, ಮುಖ್ಯವಾಗಿ ಟಿಮೊಥಿ ಹುಲ್ಲಿನದು. ಒಂದು ಪಾಲು ಪುಡಿಗೆ ಸುಮಾರು ಎರಡು ಪಾಲು ಬೆಚ್ಚನೆ ನೀರು ಹಾಕಿ ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ರಾಗಿ ಅಂಬಲಿಯ ಹದಕ್ಕೆ ಬರುತ್ತದೆ. ಅದರಲ್ಲಿ ನಾರು ಇರುವುದೇ ಅದರ ಬೆಲೆ, ಕರುಳನ್ನು ಓಡಿಸುವುದು ಆ ನಾರು. ಹಾಗಾಗಿ ಸಣ್ಣ ತುದಿಯ ಸಿರಿಂಜ್ ಬೇಡ, ಅಗಲ ಬಾಯಿಯದು ತನ್ನಿ. ಏನೂ ತಿನ್ನದ ಮೊಲಕ್ಕೆ ದಿನಕ್ಕೆ ಕೆಜಿ ತೂಕಕ್ಕೆ 50 ಎಂಎಲ್‌ನಷ್ಟು, ಅದನ್ನು ನಾಲ್ಕೈದು ಸಲಕ್ಕೆ ಹಂಚಿ ಕೊಡಿ ಅಂತ ನಮ್ಮ ಡಾಕ್ಟರ್ ಹೇಳಿದ್ದರು. ಚಿನ್ನಿಗೆ ಅಷ್ಟೆಲ್ಲ ಬೇಕಾಗಲಿಲ್ಲ, ಮೊದಲ ರಾತ್ರಿ ಮತ್ತು ಮರುದಿನಕ್ಕೆ ಸಾಕಾಯಿತು. ಆದರೆ ಆ ರಾತ್ರಿ ಆ ಪ್ಯಾಕೆಟ್ ಮನೆಯಲ್ಲಿ ಇದ್ದಿದ್ದು ಎಷ್ಟು ದೊಡ್ಡ ಧೈರ್ಯ ಅಂತ ಅನುಭವಿಸಿದವರಿಗೇ ಗೊತ್ತು. ಮೊಲವನ್ನು ಟವೆಲ್‌ನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿ, ಬಾಯಿಯ ಪಕ್ಕದಿಂದ, ಮುಂದಿನ ಹಲ್ಲು ಮತ್ತು ದವಡೆ ಹಲ್ಲಿನ ನಡುವೆ ಇರುವ ಖಾಲಿ ಜಾಗದಲ್ಲಿ ಸಿರಿಂಜ್ ಇಟ್ಟು ಚೂರು ಚೂರೇ ಬಿಡಬೇಕು. ಅದು ಅಗಿದು ನುಂಗುವವರೆಗೆ ಕಾಯಿರಿ. ಅಂಗಾತ ಮಲಗಿಸಿ ಕೊಡಬೇಡಿ, ಶ್ವಾಸಕೋಶಕ್ಕೆ ಹೋಗಿಬಿಡುತ್ತದೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ತಿನ್ನಿಸಲು ಹೋಗದೆ ನೇರ ಡಾಕ್ಟರ್ ಹತ್ತಿರ ಓಡಿ, ಒಳಗೆ ಅಡಚಣೆ ಇದ್ದರೆ ತಿನ್ನಿಸುವುದೇ ಅಪಾಯ.

ಆಸೆ ಹುಟ್ಟಿಸಲು ನಮ್ಮೂರ ಸೊಪ್ಪುಗಳೇ ಸಾಕು. ಸಬ್ಬಸಿಗೆ, ಪುದೀನ, ಕೊತ್ತಂಬರಿ, ಎಳೆ ಗರಿಕೆ. ವಾಸನೆ ಜೋರಿರುವುದಕ್ಕೆ ಮೊಲ ಬೇಗ ಮೂಗು ಹಾಕುತ್ತದೆ. ಚಿನ್ನಿ ಮೊದಲು ಬಾಯಿಗಿಟ್ಟ ಸೊಪ್ಪು ಸಬ್ಬಸಿಗೆ. ದಿನಾ ಹಿಕ್ಕೆ ನೋಡಿ. ಆರಂಭದಲ್ಲಿ ಸಣ್ಣದು, ಕಡಿಮೆ, ಪರವಾಗಿಲ್ಲ. ಹತ್ತು ಹನ್ನೆರಡು ಗಂಟೆ ಒಂದೂ ಬೀಳದೆ, ಏನೂ ತಿನ್ನದೆ ಇದ್ದರೆ ಬೆಳಿಗ್ಗೆವರೆಗೆ ಕಾಯಬೇಡಿ, ರಾತ್ರಿಯಾದರೂ ಸರಿ ಫೋನ್ ಮಾಡಿ.

ಹೊಲಿಗೆ ಕಚ್ಚದಿರಲಿ ಅಂತ ಕತ್ತಿಗೆ ಹಾಕುವ ಪ್ಲಾಸ್ಟಿಕ್ ಕೋನ್ ನನಗೆ ಇಷ್ಟವಾಗಲಿಲ್ಲ. ಮೊಲ ತನ್ನ ಮೆತ್ತನೆ ಹಿಕ್ಕೆಯನ್ನು ನೇರವಾಗಿ ಹಿಂಬದಿಯಿಂದ ಬಾಯಿಗೆ ತೆಗೆದುಕೊಂಡು ತಿನ್ನಬೇಕು, ಅದರಲ್ಲಿ ಬಿ ವಿಟಮಿನ್ ಇರುತ್ತದೆ. ಕೋನ್ ಇದ್ದರೆ ಅದೂ ಆಗಲ್ಲ, ಹುಲ್ಲೂ ಸರಿಯಾಗಿ ತಿನ್ನಲು ಆಗಲ್ಲ. ಚರ್ಮದ ಒಳಗೇ ಕರಗುವ ಹೊಲಿಗೆ ಹಾಕಿ ಅಂತ ಮೊದಲೇ ಕೇಳಿಕೊಳ್ಳಿ, ಆಗ ಕಚ್ಚಲು ಹೊರಗೆ ದಾರವೇ ಇರುವುದಿಲ್ಲ. ಪಂಜರದಲ್ಲಿ ಮರದ ಹೊಟ್ಟು ತೆಗೆದು ಹಳೇ ಹತ್ತಿ ಟವೆಲ್ ಹಾಸಿ. ಹತ್ತು ಹದಿನಾಲ್ಕು ದಿನ ಸೋಫಾ ಮೇಲೆ ಹಾರಲು ಬಿಡಬೇಡಿ. ಗಾಯ ಕೆಂಪಾದರೆ, ಊದಿದರೆ, ಒಸರಿದರೆ ತೋರಿಸಿ.

ಮೆಲಾಕ್ಸಿಕಾಮ್, ಕ್ರಿಟಿಕಲ್ ಕೇರ್ ಎರಡನ್ನೂ ಆಪರೇಷನ್‌ಗೆ ಮೊದಲೇ ಮನೆಯಲ್ಲಿ ತಂದಿಟ್ಟುಕೊಳ್ಳಿ. ಮೆಲಾಕ್ಸಿಕಾಮ್ ಡಾಕ್ಟರ್ ಚೀಟಿ ಇಲ್ಲದೆ ಕೊಳ್ಳಬೇಡಿ. ಕ್ರಿಟಿಕಲ್ ಕೇರ್ ಸಾಮಾನ್ಯವಾಗಿ ಆನ್‌ಲೈನ್‌ನಲ್ಲೇ ಸಿಗುವುದು, ಬರಲು ದಿನ ಹಿಡಿಯುತ್ತದೆ. ನಮಗೆ ಒಬ್ಬ ಮಾರಾಟಗಾರ ಅವಧಿ ಮುಗಿಯಲು ಬಂದಿದ್ದ ಪ್ಯಾಕೆಟ್ ಕಳಿಸಿದ್ದ, ಫೋಟೋ ತೆಗೆದು ಕಳಿಸಿದ ಮೇಲೆ ಬದಲಾಯಿಸಿದ. ಬಂದ ತಕ್ಷಣ ದಿನಾಂಕ ನೋಡಿ, ಒಡೆದ ಮೇಲೆ ಗಾಳಿ ಆಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಕಲಸಿದ್ದನ್ನು ಮಾತ್ರ ಮರುದಿನಕ್ಕೆ ಇಡಬೇಡಿ, ಪ್ರತಿ ಸಲ ಬೇಕಾದಷ್ಟೇ ಹೊಸದಾಗಿ ಕಲಸಿ.