ಗೇಜಿನ ಮುಳ್ಳು ಅಲುಗದಿದ್ದರೆ ನಂಬಬೇಡಿ: ಬೋಟಿನ ಕಂಪ್ರೆಸರ್ ಇರುವವರಿಗೆ ಎಚ್ಚರಿಕೆ

ಕಾರವಾರದ ಬೈತಖೋಲ್ ಬಂದರಿನಿಂದ ಆಳಸಮುದ್ರಕ್ಕೆ ಹೋಗುವ ನಮ್ಮ ಬೋಟಿನಲ್ಲಿ ಮೀನಿನ ಕೋಣೆಯನ್ನು ತಂಪಾಗಿಡುವುದು ಆರ್-22 ಎಂಬ ತಂಪುಕಾರಿ ಅನಿಲದ ಕಂಪ್ರೆಸರ್. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಬಿಡುವಿನಲ್ಲಿ ಅದರ ಹೈ ಪ್ರೆಷರ್ ಕಟೌಟನ್ನು, ಅಂದರೆ ಒತ್ತಡ ಮಿತಿಮೀರಿದರೆ ಯಂತ್ರವನ್ನು ತಾನೇ ನಿಲ್ಲಿಸುವ ಸಾಧನವನ್ನು, ಮೆಕ್ಯಾನಿಕ್ ಕೈಯಲ್ಲಿ ಬದಲಾಯಿಸಿದೆವು. ಆಗಸ್ಟ್‌ನ ಮೊದಲ ಪ್ರಯಾಣ. ಮೂರನೆಯ ರಾತ್ರಿ ಕಂಪ್ರೆಸರಿನ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿನ ಅಡಿಯ ಸೀಲು) ಒಡೆದು ಅನಿಲವೆಲ್ಲ ಎಂಜಿನ್ ಕೋಣೆಗೆ ನುಗ್ಗಿತು. ಬಾಗಿಲ ಬಳಿಯಲ್ಲೇ ಇದ್ದ ಖಲಾಸಿ ಕೂಡಲೇ ಹೊರಗೆ ಓಡಿ ಬಂದ. ಇಲ್ಲದಿದ್ದರೆ ಆ ಇಕ್ಕಟ್ಟಿನಲ್ಲಿ ಉಸಿರಾಡಲು ಗಾಳಿ ಉಳಿಯುತ್ತಿರಲಿಲ್ಲ. ನೆನೆದರೆ ಈಗಲೂ ಎದೆ ನಡುಗುತ್ತದೆ. ಹಿಡಿದ ರಾಣಿ ಮೀನು, ಬೊಂಡಾಸ್ ಎಲ್ಲ ಹಾಳಾಯಿತು.

ಬಿಸಿ ಅನಿಲವನ್ನು ತಣಿಸುವ ಕಂಡೆನ್ಸರಿಗೆ ಸಮುದ್ರದ ನೀರು ಬರುವ ಜಾಲರಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡಿತ್ತು. ನೀರು ನಿಂತರೆ ಒತ್ತಡ ಏರುತ್ತದೆ, ಆಗ ಯಂತ್ರವನ್ನು ನಿಲ್ಲಿಸಲೆಂದೇ ಕಟೌಟ್ ಇರುವುದು. ಹೊಸ ಕಟೌಟ್ ಏಕೆ ಸುಮ್ಮನಿತ್ತು?

ಕಂಪ್ರೆಸರಿನಿಂದ ಅನಿಲ ಹೊರಹೋಗುವ ಕಡೆ ಇರುವ ಡಿಸ್ಚಾರ್ಜ್ ಸರ್ವಿಸ್ ವಾಲ್ವಿನ ಕಡ್ಡಿಯನ್ನು ಬಲಕ್ಕೆ ಕೊನೆಯವರೆಗೆ ತಿರುಗಿಸಿದರೆ ಅನಿಲದ ದಾರಿಯೇ ಮುಚ್ಚುತ್ತದೆ. ಹಾಗಿರುವಾಗ ಯಂತ್ರ ಚಾಲೂ ಮಾಡಬಾರದು ಎಂಬುದು ಎಲ್ಲರಿಗೂ ಗೊತ್ತು. ಎಡಕ್ಕೆ ಕೊನೆಯವರೆಗೆ ತಿರುಗಿಸಿದರೆ ದಾರಿ ಪೂರ್ತಿ ತೆರೆಯುತ್ತದೆ, ಆದರೆ ಒತ್ತಡ ತೋರಿಸುವ ಗೇಜಿನ ಕಿಂಡಿ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಗೇಜು, ಕಟೌಟ್ ಎರಡನ್ನೂ ಜೋಡಿಸಿದ್ದು ಆ ಕಿಂಡಿಗೇ. ಕೆಲಸ ಮುಗಿಸಿದ ಮೆಕ್ಯಾನಿಕ್ ಕಡ್ಡಿಯನ್ನು ಎಡಕ್ಕೆ ಬಿಗಿಯಾಗಿ ತಿರುಗಿಸಿ, ಮುಚ್ಚಳ ಹಾಕಿ ಹೋಗಿದ್ದರು. ಕಟೌಟ್ ಹೊಸದೇ, ಆದರೆ ಅದಕ್ಕೆ ಒತ್ತಡವೇ ತಲುಪುತ್ತಿರಲಿಲ್ಲ.

ಸುಳಿವು ನಮ್ಮ ಕಣ್ಣೆದುರೇ ಇತ್ತು. ಎರಡು ದಿನ ಗೇಜು 200 ಪಿಎಸ್‌ಐ ಒತ್ತಡ ತೋರಿಸುತ್ತಿತ್ತು. ಬೋಟು ನಡೆಸುವ ತಾಂಡೇಲರು ನೋಡಿ ಸರಿಯಾಗಿದೆ ಎಂದರು, ನಾನೂ ಒಪ್ಪಿದೆ. ಯಂತ್ರ ನಿಂತಾಗಲೂ ಮುಳ್ಳು ಕೆಳಗಿಳಿಯಲಿಲ್ಲ. ಅದು ತೋರಿಸುತ್ತಿದ್ದುದು ಕೊಳವೆಯೊಳಗೆ ಸಿಕ್ಕಿಬಿದ್ದಿದ್ದ ಹಳೆಯ ಒತ್ತಡವನ್ನು.

ಆದ್ದರಿಂದ ರಿಪೇರಿಯಾದ ಮೇಲೆ ಕಡ್ಡಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಅಲ್ಲಿಂದ ಅರ್ಧ ಅಥವಾ ಒಂದು ಸುತ್ತು ಬಲಕ್ಕೆ ತನ್ನಿ, ಆಗ ಕಿಂಡಿ ತೆರೆದಿರುತ್ತದೆ. ಕಡ್ಡಿಯ ಸುತ್ತಲಿನ ಗ್ಲ್ಯಾಂಡ್ ನಟ್ ಬಿಗಿ ಮಾಡಿ, ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ. ಬಂದರು ಬಿಡುವ ಮೊದಲೇ ಮೆಕ್ಯಾನಿಕ್ ಎದುರಿನಲ್ಲಿ ಕಂಡೆನ್ಸರಿನ ನೀರನ್ನು ನಿಧಾನವಾಗಿ ಕಡಿಮೆ ಮಾಡಿಸಿ, ಕಟೌಟ್ ಯಂತ್ರವನ್ನು ನಿಲ್ಲಿಸುವುದನ್ನು ಕಣ್ಣಾರೆ ನೋಡಿ. ಆಗ ಒಬ್ಬರ ಕೈ ಸ್ವಿಚ್ಚಿನ ಮೇಲೆಯೇ ಇರಲಿ, ಮುಳ್ಳು ಮೇಲೇರದಿದ್ದರೆ ಅಲ್ಲಿಗೇ ನಿಲ್ಲಿಸಿ. ಸಮಯವಿಲ್ಲ ಎಂದು ಮೆಕ್ಯಾನಿಕ್ ಹೇಳಿದರೆ ದಯವಿಟ್ಟು ಹಣ ಕೊಡಬೇಡಿ.

ಇಂದೇ ಎಂಜಿನ್ ಕೋಣೆಗೆ ಇಳಿದು, ನಿಮ್ಮ ಕಟೌಟಿನ ಸಣ್ಣ ಕೊಳವೆಯನ್ನು ಬೆರಳಿಟ್ಟು ಹಿಂಬಾಲಿಸಿ. ಅದು ನೇರವಾಗಿ ಸಿಲಿಂಡರ್ ಹೆಡ್ಡಿಗೆ ಸೇರಿದ್ದರೆ ಈ ಅಪಾಯ ನಿಮಗಿಲ್ಲ. ವಾಲ್ವಿಗೆ ಸೇರಿದ್ದರೆ ಮುಚ್ಚಳ ಬಿಚ್ಚಿ ಕಡ್ಡಿ ಎಲ್ಲಿದೆ ಎಂದು ನೋಡಿ.