ಟೆಲಿಗ್ರಾಂ ಟಿಪ್ಸ್ ಸೇವೆ: ಟೇಕೋವರ್ ಗಾಳಿಸುದ್ದಿಗೆ ರೊಕ್ಕ ಕೊಡಬೇಡಿ

ಹುಬ್ಬಳ್ಳಿ-ಧಾರವಾಡದ ಸಣ್ಣ ಹೂಡಿಕೆದಾರರಿಗೆ ಟೇಕೋವರ್ (ಕಂಪನಿಯ ಹಿಡಿತ ಬೇರೆಯವರ ಕೈಗೆ ಹೋಗುವುದು) ಬಗ್ಗೆ 'ಒಳಗಿನ ಸುದ್ದಿ' ಮಾರುವ ಈ ಟೆಲಿಗ್ರಾಂ ಸೇವೆಗೆ ಒಂದೇ ಸ್ಟಾರ್. ಶೇರುಪೇಟೆ ನಿಯಂತ್ರಕ ಸೆಬಿಯ ನೋಂದಣಿ ಸಂಖ್ಯೆ ಎಲ್ಲೂ ಇಲ್ಲ. ರಿಸರ್ಚ್ ಅನಲಿಸ್ಟ್ (ಶೇರು ಕೊಳ್ಳಿ-ಮಾರಿ ಎಂದು ಶಿಫಾರಸು ಮಾಡುವವರು) ಆಗಿದ್ದರೆ ಆ ಸಂಖ್ಯೆ ಐಎನ್‌ಎಚ್‌ ಎಂದು ಶುರುವಾಗಬೇಕು.

ನಿಜವಾದ ಟೇಕೋವರ್ ಹೀಗೆ ಪಿಸುಮಾತಿನಲ್ಲಿ ಮುಗಿಯುವುದಿಲ್ಲ. ಮತದಾನದ ಹಕ್ಕು 25% ಮುಟ್ಟುವಂಥ ಖರೀದಿಗೆ ಒಪ್ಪಂದವಾದ ದಿನವೇ ಸಾಮಾನ್ಯವಾಗಿ ಬಹಿರಂಗ ಪ್ರಕಟಣೆ ಬರಬೇಕು, ಕನಿಷ್ಠ ಇನ್ನೂ 26%ಗೆ ಓಪನ್ ಆಫರ್ (ಉಳಿದ ಶೇರುದಾರರಿಂದ ಕೊಳ್ಳುವ ಬಹಿರಂಗ ಆಹ್ವಾನ) ಕೊಡಬೇಕು. ಬಿಎಸ್‌ಇ (ಮುಂಬೈ ಶೇರು ವಿನಿಮಯ ಕೇಂದ್ರ) ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ಅನೌನ್ಸ್‌ಮೆಂಟ್ಸ್ ನೋಡಿ. ಅಲ್ಲಿಲ್ಲವೇ? ಕೊಳ್ಳಬೇಡಿ. ವದಂತಿಗೆ ಹೌದು-ಅಲ್ಲ ಹೇಳುವುದು ಕಡ್ಡಾಯವಿರುವುದು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳಿಗೆ ಮಾತ್ರ. ಪೆನ್ನಿ ಶೇರು (ಸಣ್ಣ ಕಂಪನಿಗಳ ತೀರಾ ಕಡಿಮೆ ಬೆಲೆಯ ಶೇರು) ಇಂಥವರಿಗೆ ಅನುಕೂಲವಾಗುವುದು ಅದಕ್ಕೇ.

ಕೊಳ್ಳುವುದು ಸುಲಭ, ಹೊರಬರುವುದೇ ಕಷ್ಟ. 5% ಲೋವರ್ ಸರ್ಕ್ಯೂಟ್ (ಒಂದು ದಿನದಲ್ಲಿ ಬೆಲೆ ಇಳಿಯಬಹುದಾದ ಮಿತಿ) ಬಿದ್ದರೆ ಕೊಳ್ಳುವವರೇ ಇರುವುದಿಲ್ಲ, ಸೆಲ್ ಆರ್ಡರ್ ದಿನಗಟ್ಟಲೆ ಹಾಗೇ ಬಿದ್ದಿರುತ್ತದೆ.