ಬೇರಿಯಾಟ್ರಿಕ್ (ತೂಕ ಇಳಿಸುವ) ಸರ್ಜರಿ ಆದವರಿಗೆ ಇಸಬ್‌ಗೋಲ್: ವಸ್ತು ಒಳ್ಳೆಯದು, ಡಬ್ಬಿಯ ಮೇಲಿನ ಅಳತೆ ಬೇಡ

ಮೋಶನ್ ಸರಿಯಾಗಿ ಆಗ್ತಿಲ್ಲ ಅಂದ ಕೂಡಲೇ ಮೆಡಿಕಲ್ ಶಾಪಿನವರು ಕೈಗಿಡುವುದು ಇಸಬ್‌ಗೋಲ್. ಗುಜರಾತಿನ ಉಂಝಾ, ಸಿದ್ಧಪುರದ ಕಡೆಯಿಂದ ಬರುವ ಈ ಸಾದಾ ಹೊಟ್ಟು ಅಗ್ಗ, ರುಚಿಯಿಲ್ಲ, ವಾಸನೆಯಿಲ್ಲ. ಅದರ ಗುಣದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅಳತೆಯ ಬಗ್ಗೆ. ಒಂದೆರಡು ಚಮಚ ಹಾಕಿ, ದೊಡ್ಡ ಲೋಟ ನೀರಲ್ಲಿ ಕಲಸಿ ತಕ್ಷಣ ಕುಡಿಯಿರಿ ಅನ್ನುವುದು ಪೂರ್ತಿ ಜಠರ ಇರುವವರ ಲೆಕ್ಕ. ಸ್ಲೀವ್ (ಜಠರದ ಬಹುಭಾಗ ಕತ್ತರಿಸಿ ತೆಗೆಯುವ ಸರ್ಜರಿ) ಆದವರ ಜಠರ ಹಿಡಿಯುವುದು ಹೆಚ್ಚುಕಡಿಮೆ 100–150 ಮಿ.ಲೀ.; ಬೈಪಾಸ್ (ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿಗೆ ಹೊಲಿಯುವ ಸರ್ಜರಿ) ಆದವರ ಚೀಲ ಸುಮಾರು 30 ಮಿ.ಲೀ. ಅಷ್ಟೇ.

ಒಂದು ಚಮಚ ಹೊಟ್ಟನ್ನು ಅರ್ಧ ಲೋಟ ನೀರಿಗೆ ಹಾಕಿ ಐದು ನಿಮಿಷ ಬಿಟ್ಟು ನೋಡಿ. ನೆನೆದ ಕಾಮಕಸ್ತೂರಿ ಬೀಜದ ಹಾಗೆ ಲೋಳೆ ಕಟ್ಟಿ, ಲೋಟ ಬಗ್ಗಿಸಿದರೂ ಬೇಗ ಇಳಿಯುವುದಿಲ್ಲ. ಗುಟುಕು ಗುಟುಕಾಗಿ ಕುಡಿಯಬೇಕಾದವರಿಗೆ ಇದೇ ತೊಂದರೆ: ಕೊನೆಯ ಗುಟುಕು ಬರುವಷ್ಟರಲ್ಲಿ ಅದು ಗಟ್ಟಿ. ನೀರು ಕಡಿಮೆಯಾದರೆ ಈ ಮುದ್ದೆ ಅನ್ನನಾಳದಲ್ಲೋ, ಜಠರ-ಕರುಳು ಹೊಲಿದ ಕಿರಿದಾದ ಜಾಗದಲ್ಲೋ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟ ಇರುವವರು, ಬ್ಯಾಂಡ್ (ಜಠರದ ಮೇಲ್ಭಾಗಕ್ಕೆ ಬಿಗಿಯುವ ಪಟ್ಟಿ) ಹಾಕಿಸಿಕೊಂಡವರು ಮುಟ್ಟದಿರುವುದೇ ಲೇಸು.

ಮೊದಲ ಒಂದೂವರೆ-ಎರಡು ತಿಂಗಳು ಬೇಡ. ಆಮೇಲೆ ಸರ್ಜನ್ ಅಥವಾ ಡಯಟಿಷಿಯನ್ ಒಪ್ಪಿದರೆ, ಕಾಲು ಟೀ ಚಮಚದಿಂದ ಶುರು ಮಾಡಿ, ಒಂದು ವಾರ ನೋಡಿ, ಅರ್ಧಕ್ಕೆ ಏರಿಸಬಹುದು. 150 ಮಿ.ಲೀ. ನೀರಿಗೆ ಹಾಕಿ ಗಟ್ಟಿಯಾಗುವ ಮೊದಲೇ ಮುಗಿಸಬೇಕು. ಮುಂದಿನ ಅರ್ಧ ಗಂಟೆಯಲ್ಲಿ ಇನ್ನೂ ಅಷ್ಟೇ ನೀರು ಗುಟುಕರಿಸಬೇಕು. ಊಟದ ಜೊತೆ ಬೇಡ, ಮಲಗುವ ಹೊತ್ತಿಗಂತೂ ಬೇಡವೇ ಬೇಡ. ಥೈರಾಯ್ಡ್, ಐರನ್ ಮಾತ್ರೆಗಳಿಗೆ ಎರಡು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಲೋಳೆ ಅವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಿತ್ತಳೆ ಫ್ಲೇವರಿನ ಪುಡಿ ಕೊಳ್ಳುವ ಮೊದಲು ಸಕ್ಕರೆ ಎಷ್ಟಿದೆ ಓದಿ; ಬೈಪಾಸ್ ಆದವರಿಗೆ ಅದರಿಂದ ಬೆವರು, ಎದೆ ಡವಡವ, ಭೇದಿ ಶುರುವಾಗಬಹುದು.

ಅಸಲಿಗೆ ಸರ್ಜರಿಯ ನಂತರ ಮಲ ಗಟ್ಟಿಯಾಗುವುದಕ್ಕೆ ನಾರಿನ ಕೊರತೆಯೊಂದೇ ಕಾರಣವಲ್ಲ. ದಿನಕ್ಕೆ ಒಂದೂವರೆ ಲೀಟರ್ ನೀರು ಹೊಟ್ಟೆಗೆ ಹೋಗಿರುವುದಿಲ್ಲ, ಮೇಲೆ ಐರನ್, ಕ್ಯಾಲ್ಸಿಯಂ, ಟ್ರಮಡಾಲ್‌ನಂಥ ನೋವಿನ ಮಾತ್ರೆ. ನೀರಿಲ್ಲದೆ ನಾರು ಸುರಿದರೆ ಇನ್ನಷ್ಟು ಬಿಗಿಯುತ್ತದೆ. ಹಾಗಾಗಿ ಮೊದಲ ತಿಂಗಳುಗಳಿಗೆ ಮಲ ಮೆತ್ತಗೆ ಮಾಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯೇ ವಾಸಿ: ನೀರಲ್ಲಿ ಕರಗುತ್ತದೆ, ಗಟ್ಟಿಯಾಗುವುದಿಲ್ಲ, ನಿಧಾನವಾಗಿ ಕುಡಿಯಬಹುದು. ದೊಡ್ಡವರಿಗೆ ಸಾಮಾನ್ಯ ಡೋಸ್ ದಿನಕ್ಕೆ 17 ಗ್ರಾಂ. ಎಷ್ಟು ದಿನ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಅಂಗಡಿಯಲ್ಲಿ ಎಚ್ಚರ: 2 ಲೀಟರ್ ನೀರಿಗೆ ಕಲಸುವ ದೊಡ್ಡ ಪೊಟ್ಟಣ ಕೊಲೊನೊಸ್ಕೋಪಿಗೆ ಮೊದಲು ಕರುಳು ತೊಳೆಯಲು ಇರುವುದು, ಅದಲ್ಲ. ಲ್ಯಾಕ್ಟುಲೋಸ್ ಸಿರಪ್ಪೂ ಕೆಲಸ ಮಾಡುತ್ತದೆ, ಆದರೆ ಗ್ಯಾಸ್, ಹೊಟ್ಟೆಯುಬ್ಬರ ಜಾಸ್ತಿ.

ಇದ್ಯಾವುದನ್ನೂ ತೆಗೆದುಕೊಳ್ಳಬಾರದ ಸಂದರ್ಭವೊಂದಿದೆ. ಬೈಪಾಸ್ ಆಗಿ ತಿಂಗಳುಗಳೋ ವರ್ಷಗಳೋ ಕಳೆದು, ತೂಕ ಚೆನ್ನಾಗಿ ಇಳಿದ ಮೇಲೆ, ಊಟವಾದ ತಕ್ಷಣ ಹೊಕ್ಕುಳ ಸುತ್ತ ಅಥವಾ ಎಡಗಡೆ ಮೇಲ್ಭಾಗದಲ್ಲಿ ತಿರುಚಿದಂಥ ನೋವು, ಬೆನ್ನಿಗೂ ಹರಿಯುವುದು, ಓಕರಿಕೆ. ಇದು ಮಲಬದ್ಧತೆ ಅಲ್ಲದಿರಬಹುದು. ಒಳಗಿನ ಕೊಬ್ಬು ಕರಗಿದಾಗ ಸರ್ಜರಿಯಲ್ಲಿ ಉಂಟಾದ ಸಂದುಗಳು ಅಗಲವಾಗಿ, ಕರುಳು ಅದರೊಳಗೆ ನುಸುಳುತ್ತದೆ. ತಿರುಚಿಕೊಂಡರೆ ರಕ್ತ ಸಂಚಾರವೇ ನಿಲ್ಲಬಹುದು. ಡಾಕ್ಟರುಗಳ ಬಾಯಲ್ಲಿ ಇದು ಇಂಟರ್ನಲ್ ಹರ್ನಿಯಾ. ಬಂದು ಬಂದು ಹೋಗುವ ನೋವಾದ್ದರಿಂದ ಜನ ಗ್ಯಾಸ್ ಎಂದುಕೊಂಡು ಸುಮ್ಮನಾಗುತ್ತಾರೆ. ಸಾದಾ ಎಕ್ಸ್-ರೇಯಲ್ಲಿ ಏನೂ ಕಾಣದೆ ಇರಬಹುದು, ಸಿ.ಟಿ. ಸ್ಕ್ಯಾನೂ ಕೆಲವೊಮ್ಮೆ ತಪ್ಪಿಸುತ್ತದೆ. ಅನುಮಾನ ಉಳಿದರೆ ಲ್ಯಾಪರೊಸ್ಕೋಪಿಯಲ್ಲೇ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಹಾಕಿ) ನೋಡಬೇಕು. ನೋವು ಬಿಡದೆ ಇದ್ದು ವಾಂತಿಯಾಗುತ್ತಿದ್ದರೆ, ಗಾಳಿಯೂ ಹೋಗದಿದ್ದರೆ, ನೇರ ಎಮರ್ಜೆನ್ಸಿಗೆ ಹೋಗಿ. ಅಲ್ಲಿ ಮೊದಲ ಮಾತೇ "ಬೈಪಾಸ್ ಆಗಿದೆ" ಅಂತಿರಲಿ, ಹೊಟ್ಟೆಯದು ಎಂದೂ ಸೇರಿಸಿ, ಹೃದಯದ್ದು ಎಂದುಕೊಂಡಾರು. ಡಿಸ್ಚಾರ್ಜ್ ಸಮರಿಯ ಫೋಟೊ ಫೋನಿನಲ್ಲಿ ಸದಾ ಇರಲಿ.